ಮಂಗಲಕ್ಕನ ಮೊಣಕೈ

ಗದಗ ತಂಡದ ನಾಲ್ವರು ಮುಖ್ಯ ಪಿಚರ್‌ಗಳ ಮೊಣಕೈಗಳು ಒಂದೇ ಬೇಸಿಗೆಯಲ್ಲಿ ಸವೆದುಹೋದವು. ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವವಳೇ ಪಿಚರ್. ಮಣ್ಣಿನ ದಿಬ್ಬದ ಮೇಲೆ ನಿಂತು, ತೋಳನ್ನು ಕಿವಿಯ ಹಿಂದಕ್ಕೆ ತಿರುಚಿ, ಇಡೀ ಮೈಯ ಬಲವನ್ನು ಒಂದು ಮೊಣಕೈಯ ಮೂಲಕ ಹಾಯಿಸಿ ಬ್ಯಾಟು ಹಿಡಿದವಳತ್ತ ಬಿಡಬೇಕು. ಮನುಷ್ಯರ ಮೊಣಕೈ ಈ ಕೆಲಸಕ್ಕೆಂದು ಆದದ್ದಲ್ಲ. ಅದರ ಒಳಮಗ್ಗುಲಿನಲ್ಲಿ ಕಿರುಬೆರಳಿಗಿಂತ ಸಣ್ಣ ನಾರೊಂದು ಎಲುಬಿಗೆ ಎಲುಬನ್ನು ಬಿಗಿದು ಹಿಡಿದಿರುತ್ತದೆ. ವರ್ಷಗಟ್ಟಲೆ ಎಸೆದ ಮೇಲೆ ಅದು ಹಳೆಯ ಹಗ್ಗದ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ಆ ಬೇಸಿಗೆ ತಂಡ ಸೋಲುತ್ತಲೇ ಹೋಯಿತು. ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳು ಮೈದಾನದಿಂದ ಕಾಣುತ್ತಿದ್ದವು. ಅವುಗಳ ಕೈಗೆ ಚೆಂಡು ಕೊಡ್ರಿ, ಇವರಿಗಿಂತ ಚಲೋ ಎಸೀತಾವು ಎಂದು ಗ್ಯಾಲರಿಯಲ್ಲಿ ಕೂತವರು ಕೂಗುತ್ತಿದ್ದರು. ನಾಲ್ವರಲ್ಲಿ ಹಿರಿಯಳಾದ ಸುಮಂಗಲಾ ಕೊಪ್ಪದ ಆ ಮಾತಿಗೆ ತಾನೂ ನಗುತ್ತ, ಎಡಗೈಯಿಂದ ಚಹದ ಕಪ್ಪು ಎತ್ತಿಕೊಳ್ಳುತ್ತಿದ್ದಳು. ಬಲಗೈಗೆ ಕಪ್ಪು ಎತ್ತುವ ಶಕ್ತಿಯೂ ಉಳಿದಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಹಾಗೆ ತಂಡ ಗೆಲ್ಲತೊಡಗಿತು. ಅದಕ್ಕೆ ಕಾರಣ ತಂಡದ ವೈದ್ಯೆ ಡಾಕ್ಟರ್ ಅನಸೂಯಾ ದೇಶಮಾನೆ ತಂದ ಬೂದುಬಣ್ಣದ ಪಟ್ಟಿ. ಪಿಚರ್ ಅದನ್ನು ಮೊಣಕೈಯ ಮೇಲ್ಭಾಗಕ್ಕೆ ಕಟ್ಟಿಕೊಂಡರೆ ನೋವು ಮಾಯವಾಗುತ್ತಿತ್ತು. ಪ್ರತಿ ಪಟ್ಟಿಗೂ ಒಂದು ಜೋಡಿಪಟ್ಟಿ ಇತ್ತು. ಅದು ಎರಡನೇ ತಂಡದ ಹುಡುಗಿಯರಿಗೆ.

ಎರಡನೇ ತಂಡದ ಪಿಚರ್‌ಗಳೆಂದರೆ ಹದಿನೆಂಟು, ಹತ್ತೊಂಬತ್ತರ ನಾಲ್ವರು ಹುಡುಗಿಯರು. ಮೊದಲ ತಂಡದಲ್ಲಿ ಜಾಗ ತೆರವಾಗುವುದನ್ನು ಕಾಯುತ್ತ ಹಿಂದಿನ ಮೈದಾನದಲ್ಲಿ ಎಸೆದು ಎಸೆದು ಕಲಿಯುವವರು. ಜೋಡಿಪಟ್ಟಿ ಕಟ್ಟಿಕೊಂಡು ಪಂದ್ಯ ನೋಡಿದರೆ ಹಿರಿಯಳ ತೋಳಿನ ಲಯ ಸಣ್ಣ ಸೆಳೆತಗಳಾಗಿ ನಿಮ್ಮ ತೋಳಿಗೆ ಇಳಿಯುತ್ತದೆ, ಪುಸ್ತಕದಿಂದ ಕಲಿಯಲಾಗದ್ದನ್ನು ಮೈ ಕಲಿಯುತ್ತದೆ ಎಂದು ಡಾಕ್ಟರೇ ಈ ನಾಲ್ವರಿಗೆ ಹೇಳಿದ್ದರು. ಹುಡುಗಿಯರು ಖುಷಿಯಿಂದ ತೋಳು ಚಾಚಿದ್ದರು.

ದಾಕ್ಷಾಯಿಣಿ ಹೊಸಮನಿ ಆ ನಾಲ್ವರಲ್ಲಿ ಒಬ್ಬಳು. ಮುಂಡರಗಿಯವಳು. ಶಾಲೆಯಲ್ಲಿ ಭರ್ಜಿ ಎಸೆಯುತ್ತಿದ್ದವಳನ್ನು ತರಬೇತುದಾರ ಮುಲ್ಲಾ ಸರ್ ಕಂಡು ಕರೆತಂದಿದ್ದರು. ಅವಳ ಜೋಡಿ ಸುಮಂಗಲಾ. ತಂಡದ ಪದ್ಧತಿಯಂತೆ ಕಿರಿಯ ಪಿಚರ್ ಹಿರಿಯಳ ಮನೆಯಲ್ಲಿಯೇ ಉಳಿಯಬೇಕು, ಅಲ್ಲಿಯೇ ಉಣ್ಣಬೇಕು. ಹಾಗಾಗಿ ಬೆಟಗೇರಿಯ ಆ ಮನೆಯಲ್ಲಿ ಸುಮಂಗಲಾ, ಅವಳ ಅತ್ತೆ ಗೌರಜ್ಜಿ, ದಾಕ್ಷಾಯಿಣಿ ಮೂವರೇ. ಸುಮಂಗಲಾ ಅವಳಿಗೆ ಮಂಗಲಕ್ಕ. ಚೆಂಡನ್ನು ಬೆರಳುಗಳ ನಡುವೆ ಹೇಗೆ ಕೂಡಿಸಬೇಕು, ಗುಡ್ಡದ ಗಾಳಿ ಎಡಗಡೆಯಿಂದ ಬಂದಾಗ ತಿರುವಿನ ಚೆಂಡನ್ನು ಎಷ್ಟು ಮೊದಲೇ ಬಿಡಬೇಕು ಎಂಬುದನ್ನೆಲ್ಲ ರೊಟ್ಟಿ ಬಡಿಯುತ್ತ ಬಡಿಯುತ್ತ ಹೇಳಿಕೊಟ್ಟವಳು. ಹಿಟ್ಟಿನ ಉಂಡೆಯನ್ನೇ ಚೆಂಡಿನಂತೆ ಹಿಡಿದು ತೋರಿಸಿದವಳು. ದಾಕ್ಷಾಯಿಣಿಗೆ ಅವಳ ಮೇಲೆ ತನ್ನ ತಾಯಿಯ ಮೇಲಿದ್ದದ್ದಕ್ಕಿಂತ ಹೆಚ್ಚು ವಿಶ್ವಾಸವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೇಳದೆ ಇಟ್ಟದ್ದು ಇನ್ನೊಂದಿತ್ತು. ಅವಳ ಮೊಣಕೈ ನೋಯತೊಡಗಿತ್ತು.

ಮಂಗಲಕ್ಕ ಆಡುವ ಸಂಜೆ ಅದು ಶುರುವಾಗುತ್ತಿತ್ತು. ಪಟ್ಟಿ ಕಟ್ಟಿಕೊಂಡು ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಪರದೆಯ ಮುಂದೆ ಕೂತಾಗ, ಅಕ್ಕನ ಪ್ರತಿ ಎಸೆತಕ್ಕೂ ಮೊಣಕೈಯ ಒಳಗೆ ಕಾದ ಸೂಜಿ ಹೊಕ್ಕಂತಾಗುತ್ತಿತ್ತು. ಲಯದ ಸಣ್ಣ ಸೆಳೆತವನ್ನೂ ತಾಳದಷ್ಟು ತನ್ನ ತೋಳು ಪೊಳ್ಳು ಎಂದೇ ಅವಳು ತಿಳಿದಳು. ಮರುದಿನ ಎಸೆಯಲು ನಿಂತಾಗ ನೋವಿನ ನೆನಪೇ ತೋಳನ್ನು ಹಿಡಿದೆಳೆಯುತ್ತಿತ್ತು. ಅವಳ ಚೆಂಡಿನ ವೇಗ ವಾರದಿಂದ ವಾರಕ್ಕೆ ಇಳಿಯಿತು. ಮುಲ್ಲಾ ಸರ್ ಏನೂ ಬೈಯಲಿಲ್ಲ. ನೋಡುವುದನ್ನು ಬಿಟ್ಟರು ಅಷ್ಟೆ. ಅದು ಬೈಗುಳಕ್ಕಿಂತ ಕೆಟ್ಟದ್ದೆಂದು ಅವಳಿಗೆ ಗೊತ್ತಿತ್ತು.

ಆದರೂ ಬಾಯಿ ಬಿಡುವಂತಿರಲಿಲ್ಲ. ಪಿಚರ್ ಆದವಳು ನೋಯುತ್ತದೆ ಎನ್ನುವುದಿಲ್ಲ. ಎಲ್ಲಿಯೂ ಬರೆದಿಡದ, ಎಲ್ಲರೂ ಪಾಲಿಸುವ ಕಟ್ಟಳೆ ಅದು. ಹಾಗೆಂದವಳ ಹೆಸರು ಮರುದಿನ ಆಡುವವರ ಹಲಗೆಯ ಮೇಲೆ ಇರುವುದಿಲ್ಲ. ದಾಕ್ಷಾಯಿಣಿ ಉಳಿದ ಮೂವರ ಜೊತೆ ನಗುತ್ತ ಹಾಡುತ್ತ ಇದ್ದಳು. ಅವರೂ ನಗುತ್ತ ಹಾಡುತ್ತ ಇದ್ದರು.

ಮಂಗಲಕ್ಕ ಸಾಲಾಗಿ ನಾಲ್ಕನೇ ಪಂದ್ಯ ಗೆದ್ದ ಮೇಲೆ ಮನೆಯಲ್ಲಿ ಹೊಸ ಶಿಸ್ತು ಬಂತು. ಗೆಲ್ಲುತ್ತಿರುವಾಗ ಏನನ್ನೂ ಬದಲಿಸಬಾರದೆಂಬ ನಂಬಿಕೆ ಆಟಗಾರರಿಗೆಲ್ಲ ಇರುವಂಥದ್ದೇ. ಗೌರಜ್ಜಿ ಪಂದ್ಯದ ದಿನ ಉಟ್ಟಿದ್ದ ಇಳಕಲ್ ಸೀರೆಯನ್ನೇ ಮತ್ತೆ ಮತ್ತೆ ಉಡಬೇಕಾಯಿತು. ದಿನವೂ ಅದೇ ಶೇಂಗಾ ಚಟ್ನಿ, ಅದೇ ಬದನೆಕಾಯಿ. ನಿನ್ನ ಚೆಂಡಿನ ಸಲುವಾಗಿ ನನ್ನ ಹೊಟ್ಟಿ ಯಾಕ ಕೆಡಸ್ತೀಯವಾ ಎಂದು ಅಜ್ಜಿ ಗೊಣಗಿದರು. ಪಂದ್ಯ ಮುಗಿದೊಡನೆ ಪಟ್ಟಿಯನ್ನು ಡಾಕ್ಟರ್ ಕೋಣೆಯ ಪೆಟ್ಟಿಗೆಯಲ್ಲಿ ಇಡಬೇಕೆಂಬುದು ನಿಯಮ. ಮಂಗಲಕ್ಕ ಈ ಸಲ ಬಿಚ್ಚಲಿಲ್ಲ. ಗೆಲುವು ಅದರಲ್ಲಿಯೇ ಕೂತಿದೆ ಎಂಬಂತೆ ತೋಳಿನಲ್ಲಿಯೇ ಉಳಿಸಿಕೊಂಡು, ಮೇಲೆ ಉದ್ದ ತೋಳಿನ ಅಂಗಿ ಹಾಕಿ ಮನೆಗೆ ಬಂದಳು. ಅಕ್ಕ ಮಾಡಿದ್ದನ್ನೆಲ್ಲ ಮಾಡುವ ದಾಕ್ಷಾಯಿಣಿಯೂ ತನ್ನದನ್ನು ಬಿಚ್ಚಲಿಲ್ಲ.

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಮಂಗಲಕ್ಕ ನೀರಿನ ಕೊಡ ಎತ್ತಿಕೊಂಡು ತಿರುಗಿದಳು. ಅವಳ ಬಲ ಮೊಣಕೈ ಬಾಗಿಲ ಕಬ್ಬಿಣದ ಅಗುಳಿಗೆ ಟಣ್ ಎಂದು ಬಡಿಯಿತು. ಅವಳು ತಿರುಗಿಯೂ ನೋಡಲಿಲ್ಲ. ಆಚೆ ಗೋಡೆಗೆ ಒರಗಿ ಉಣ್ಣುತ್ತಿದ್ದ ದಾಕ್ಷಾಯಿಣಿ ಅಯ್ಯವ್ವಾ ಎಂದು ಚೀರಿ ತಾಟನ್ನು ಕೆಳಗೆ ಹಾಕಿದಳು.

“ಬಡದದ್ದು ಆಕಿಗೆ, ಚೀರಾಕಿ ನೀನಾ?” ಎಂದು ಗೌರಜ್ಜಿ ನಕ್ಕರು.

ಮಂಗಲಕ್ಕ ಕೊಡವನ್ನು ನಿಧಾನವಾಗಿ ಇಳಿಸಿದಳು. ಹುಡುಗಿಯ ಮುಖವನ್ನೇ ನೋಡುತ್ತ, ಒಲೆಯ ಪಕ್ಕದಲ್ಲಿದ್ದ ಲಟ್ಟಣಿಗೆ ತೆಗೆದುಕೊಂಡು, ತನ್ನ ಮೊಣಕೈಗೆ ತಾನೇ ಮೆಲ್ಲಗೆ ಕುಟ್ಟಿಕೊಂಡಳು. ದಾಕ್ಷಾಯಿಣಿ ತುಟಿ ಕಚ್ಚಿಕೊಂಡಳು. ಮಂಗಲಕ್ಕ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕುಟ್ಟಿದಳು. ಹುಡುಗಿ ತನ್ನ ತೋಳನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿದಳು.

“ಎಷ್ಟ ದಿನದಿಂದ?” ಮಂಗಲಕ್ಕ ಕೇಳಿದಳು.

“ಮೊದಲಿಂದ.”

ಮಂಗಲಕ್ಕ ಲಟ್ಟಣಿಗೆಯನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಅದನ್ನು ಹಿಡಿದುಕೊಂಡೇ ನಿಂತಿದ್ದಳು.

ಇಬ್ಬರೂ ಆಗಲೇ ಮೈದಾನಕ್ಕೆ ಹೋದರು. ಡಾಕ್ಟರ್ ದೇಶಮಾನೆಯವರ ಕೋಣೆ ಗ್ಯಾಲರಿಯ ಅಡಿಯಲ್ಲಿತ್ತು. ತಗ್ಗಾದ ಸೂರು, ಗೋಡೆಯ ತುಂಬ ಪರದೆಗಳು. ಪ್ರತಿ ಪರದೆಯ ಮೇಲೆ ಎರಡು ಗೆರೆಗಳು ಒಂದರ ಕೆಳಗೊಂದು ಹರಿಯುತ್ತಿದ್ದವು. ದಾಕ್ಷಾಯಿಣಿ ಎಷ್ಟೋ ಸಲ ಅಲ್ಲಿ ಕೂತಿದ್ದಳು, ಆ ಗೆರೆಗಳಲ್ಲಿ ಒಂದು ತನ್ನದೆಂದು ಗೊತ್ತಿತ್ತು. ಅದು ಏನನ್ನು ಹೇಳುತ್ತದೆಂದು ಕೇಳಿರಲಿಲ್ಲ.

ಡಾಕ್ಟರ್ ನಾಚಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ನಿಧಾನವಾಗಿ ವಿವರಿಸಿದರು. ಮೊಣಕೈ ನೋವಿನ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಮಿದುಳು ಅದಕ್ಕೆ ಉತ್ತರವಾಗಿ ಸುತ್ತಲಿನ ಸ್ನಾಯುಗಳನ್ನು ಚಣಮಾತ್ರ ಬಿಗಿದು ನಾರನ್ನು ಕಾಯುತ್ತದೆ. ಮದ್ದು ಕೊಟ್ಟು ನೋವನ್ನು ಅಳಿಸಿದರೆ ಉತ್ತರವೂ ನಿಂತುಹೋಗುತ್ತದೆ, ನಾರು ಹರಿಯುತ್ತದೆ. ಹಾಗಾಗಿ ಅವರು ಸುದ್ದಿಯನ್ನು ಅಳಿಸಲಿಲ್ಲ, ದಾರಿ ತಿರುಗಿಸಿದರು. ಮಂಗಲೆಯ ಮೊಣಕೈ ಕೂಗಿದ್ದು ದಾಕ್ಷಾಯಿಣಿಯ ಮಿದುಳಿಗೆ ಕೇಳುತ್ತದೆ, ಅಲ್ಲಿಂದ ಹೊರಟ ಉತ್ತರ ಮಂಗಲೆಯ ತೋಳಿಗೆ ಮರಳುತ್ತದೆ. ನೋವು ಪಡುವವರು ಒಬ್ಬರು ಇರಲೇಬೇಕು, ಅದು ಎಸೆಯುವವಳೇ ಆಗಬೇಕೆಂದಿಲ್ಲ. ಉತ್ತರಿಸಲು ಕಲಿಯುವುದಕ್ಕೆ ಮಿದುಳಿಗೆ ವಾರಗಳು ಬೇಕು. ನಾಲ್ವರಲ್ಲಿ ದಾಕ್ಷಾಯಿಣಿಯಷ್ಟು ಚೆನ್ನಾಗಿ ಕಲಿತವರು ಬೇರೆ ಇಲ್ಲ. ನಾಲ್ಕು ಗೆಲುವು ಬಂದದ್ದು ಅದರಿಂದಲೇ. ಆದರೆ ಎಸೆತದ ನಡುವೆ ಯಾರೂ ಪಟ್ಟಿ ಬಿಚ್ಚಬಾರದು. ಉತ್ತರ ಬರದೆ ಹೋದರೆ ಮಂಗಲೆಯ ಸವೆದ ನಾರು ಒಂದೇ ಎಸೆತಕ್ಕೆ ಹರಿದೀತು.

“ನೀವು ನನಗೂ ಹೇಳಲಿಲ್ಲ,” ಮಂಗಲಕ್ಕ ಅಂದಳು. ಹತ್ತು ವರ್ಷ ಅವಳ ತೋಳನ್ನು ನೋಡಿಕೊಂಡು ಬಂದ ಡಾಕ್ಟರ್ ಅವರು.

“ಹೇಳಿದ್ರ ಕಟ್ಕೋತಿದ್ದೇನು?”

ಮಂಗಲಕ್ಕ ಅಂಗಿಯ ತೋಳನ್ನು ಪಟ್ಟಿಯ ಮೇಲೆ ಎಳೆದುಕೊಂಡಳು. ದಾಕ್ಷಾಯಿಣಿಗೆ ಮಾತ್ರ ಈ ನಡುವೆ ಬೇರೆಯದೇ ಒಂದು ಹೊಳೆದಿತ್ತು. ಅವಳು ತನ್ನ ಮೊಣಕೈ ಹೇಗಿದೆಯೆಂದು ಕೇಳಿದಳು. ಡಾಕ್ಟರ್ ಅವಳತ್ತ ಆಗ ಮೊದಲ ಸಲ ನೋಡಿದರು. ಎಳೆಯದು, ಗಟ್ಟಿ ಇದೆ, ಅದಕ್ಕೇನೂ ಆಗಿಲ್ಲ ಎಂದರು.

ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ದಾಕ್ಷಾಯಿಣಿ ಅತ್ತಳು. ಸಿಟ್ಟಿಗಲ್ಲ, ಸಮಾಧಾನಕ್ಕೆ. ತಿಂಗಳುಗಟ್ಟಲೆ ಮುರಿಯುತ್ತಿದೆಯೆಂದು ಹೆದರಿದ್ದ ತೋಳು ಮುರಿಯುತ್ತಿರಲಿಲ್ಲ. ಸಿಟ್ಟು ಬಂದದ್ದು ಆಮೇಲೆ, ಮನೆಯ ದಾರಿಯಲ್ಲಿ. ಬರುವ ವಾರ ಆಯ್ಕೆದಾರರು ಬರುವವರಿದ್ದರು. ಎರಡನೇ ತಂಡದಿಂದ ಒಬ್ಬಳನ್ನು ಮೇಲಕ್ಕೆ ತೆಗೆದುಕೊಂಡು, ವೇಗ ಇಳಿದ ಒಬ್ಬಳನ್ನು ಊರಿಗೆ ಕಳಿಸುವವರಿದ್ದರು. ಕೆಳಗಿನ ಹೆಸರು ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ಆಯ್ಕೆ ಪಂದ್ಯ ನಡೆಯುವ ಹೊತ್ತಿಗೇ ಗೋಡೆಯಾಚೆಯ ಮುಖ್ಯ ಮೈದಾನದಲ್ಲಿ ಮಂಗಲಕ್ಕನ ಪಂದ್ಯವೂ ಇತ್ತು. ಆಯ್ಕೆದಾರರು ಊರಿಗೆ ಬರುವುದೇ ದೊಡ್ಡ ಪಂದ್ಯದ ದಿನ. ಅದನ್ನು ಗೆದ್ದರೆ ತಂಡ ಅಂತಿಮ ಸುತ್ತಿಗೆ ಹೋಗುತ್ತಿತ್ತು, ಮಂಗಲಕ್ಕನ ಕರಾರು ಮುಂದುವರಿಯುತ್ತಿತ್ತು. ಅವಳಿಗೆ ಮೂವತ್ತನಾಲ್ಕು. ಇನ್ನೊಂದು ಕರಾರು ಸಿಗದಿದ್ದರೆ ಆಟ ಅಲ್ಲಿಗೇ ಮುಗಿಯಿತು.

ರಾತ್ರಿಯ ಊಟಕ್ಕೆ ಕೂತಾಗ ಮಂಗಲಕ್ಕ ತಾನಾಗಿಯೇ ಮಾತೆತ್ತಿದಳು. ಪಂದ್ಯದ ಸಂಜೆ ತಾನು ಪಟ್ಟಿ ಕಟ್ಟುವುದಿಲ್ಲ, ನೋವು ತನ್ನದು, ತಾನೇ ನುಂಗುತ್ತೇನೆ ಎಂದಳು. ದಾಕ್ಷಾಯಿಣಿ ಹಾಗಾದರೆ ತಾನೂ ಬಿಚ್ಚಿಡುತ್ತೇನೆ ಎಂದಾಗ ತಲೆ ಅಲ್ಲಾಡಿಸಿದಳು.

“ನೀ ಕಟ್ಕೊಂಡ ಇರು. ಇಬ್ರೂ ಬಿಚ್ಚಿದ್ರ ಮುಲ್ಲಾ ಸರ್‌ಗೆ ಗೊತ್ತಾಗ್ತದ, ನಿನ್ನ ಆಡಸೂದಿಲ್ಲ. ನಂದು ಇಲ್ಲಂದ್ರ ನಿಂದು ಬರೀ ಅರಿವಿ ತುಂಡು.”

ಅದು ಸರಿಯೆನಿಸಿತು. ಅಕ್ಕ ಹೇಳಿದ್ದು ಯಾವಾಗಲೂ ಸರಿಯೇ ಆಗಿರುತ್ತಿತ್ತು. ಗೌರಜ್ಜಿ ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ, ಹುಡುಗಿಯ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಹಾಕಿದರು.

ಆ ವಾರ ದಾಕ್ಷಾಯಿಣಿ ಅಭ್ಯಾಸದಲ್ಲಿ ಕೈ ಬಿಚ್ಚಿ ಎಸೆದಳು. ಚೆಂಡು ಹಿಡಿಯುವವಳ ಗವಸಿಗೆ ಅದು ಬಡಿಯುವ ಸದ್ದೇ ಬದಲಾಯಿತು. ಮುಲ್ಲಾ ಸರ್ ತಿರುಗಿ ನೋಡಿದರು. ಉಳಿದ ಮೂವರೂ ನೋಡಿದರು. ಅವರಿಗೂ ಹೇಳಬೇಕು ಎಂದು ಅವಳಿಗೆ ಅನಿಸದೆ ಇರಲಿಲ್ಲ. ಆಯ್ಕೆ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ತನಗೇ ಸ್ವಲ್ಪ ಚುಚ್ಚಿತು.

ಪಂದ್ಯದ ದಿನ ಬೆಳಗ್ಗೆ ಮಂಗಲಕ್ಕ ಬೇಗ ಹೊರಟಳು. ದಿನದಂತೆ ಹುಡುಗಿಗಾಗಿ ಕಾಯಲಿಲ್ಲ. ಹೊಸ್ತಿಲ ಬಳಿ ನಿಂತು, ಚಪ್ಪಲಿಯನ್ನು ನೋಡುತ್ತ, ಚೆಂದಾಗಿ ಎಸಿ ಎಂದಳು. ದಾಕ್ಷಾಯಿಣಿ ಅದನ್ನು ಗಮನಿಸಿದಳು. ನೋವು ತಿನ್ನಲು ಹೊರಟವಳಿಗೆ ಅಳುಕು ಇರುವುದಿಲ್ಲವೇ ಎಂದು ತಾನೇ ಸಮಜಾಯಿಷಿ ಕೊಟ್ಟುಕೊಂಡಳು.

ಸಂಜೆ ಹಿಂದಿನ ಮೈದಾನದಲ್ಲಿ ಡಾಕ್ಟರ್ ಮಡಿಲಲ್ಲಿ ಸಣ್ಣ ಪರದೆ ಇಟ್ಟುಕೊಂಡು ಕೂತಿದ್ದರು. ರೂಢಿಯಂತೆ ಅವಳ ತೋಳಿಗೆ ಪಟ್ಟಿ ಬಿಗಿದರು. ಅವರ ಬೆರಳುಗಳು ತಣ್ಣಗಿದ್ದವು. ಪಕ್ಕದಲ್ಲಿ ಇಬ್ಬರು ಆಯ್ಕೆದಾರರು: ಬಿಳಿ ಟೊಪ್ಪಿಗೆಯ ಹಿರಿಯರು ಒಬ್ಬರು, ವೇಗ ಅಳೆಯುವ ಯಂತ್ರ ಹಿಡಿದ ಹೆಂಗಸೊಬ್ಬರು.

ಮೊದಲ ಬ್ಯಾಟಿನವಳನ್ನು ದಾಕ್ಷಾಯಿಣಿ ಚೆಂಡು ಮುಟ್ಟಲು ಬಿಡದೆ ಕಳಿಸಿದಳು. ಎರಡನೆಯವಳು ಬ್ಯಾಟು ಬೀಸಿ ತಾನೇ ಒಂದು ಸುತ್ತು ತಿರುಗಿ ನಿಂತಾಗ ಟೊಪ್ಪಿಗೆಯ ಹಿರಿಯರು ಮುಂದಕ್ಕೆ ಬಾಗಿದರು. ಆಗ ಗೋಡೆಯಾಚೆ ಧ್ವನಿವರ್ಧಕ ಸುಮಂಗಲಾ ಕೊಪ್ಪದ ಎಂದು ಕೂಗಿತು. ಸಾವಿರಾರು ಗಂಟಲುಗಳು ಅದಕ್ಕೆ ಓಗೊಟ್ಟವು. ದಾಕ್ಷಾಯಿಣಿ ತಾನೂ ಮನಸ್ಸಿನಲ್ಲಿ ಅಕ್ಕನಿಗೆ ಒಳ್ಳೆಯದಾಗಲಿ ಎಂದಳು.

ಕಾದ ಸೂಜಿ ಮೊಣಕೈಯ ಒಳಗೆ ಹೊಕ್ಕಿತು.

ಅವಳು ಚೆಂಡನ್ನು ಹಿಡಿದುಕೊಂಡೇ ನಿಂತಳು. ತಪ್ಪಾಗಿರಬೇಕು, ಹಳೆಯ ನೋವಿನ ನೆನಪಿರಬೇಕು ಎಂದುಕೊಂಡಳು. ಎರಡನೆಯ ಸಲ ಬಂತು, ಇನ್ನೂ ಆಳವಾಗಿ. ಗಾಳಿಗೆ ತಿರುವಿನ ಚೆಂಡನ್ನು ಮೊದಲೇ ಬಿಟ್ಟಾಗ ಬರುವಂಥದ್ದು. ಅದನ್ನು ಅವಳು ಗುರುತಿಸಬಲ್ಲಳು. ಆ ಎಸೆತವನ್ನು ಹಿಟ್ಟಿನ ಉಂಡೆ ಹಿಡಿದು ತನಗೆ ಕಲಿಸಿದವಳು ಈಗ ಗೋಡೆಯಾಚೆ ಅದನ್ನೇ ಎಸೆಯುತ್ತಿದ್ದಳು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಚೆನ್ನಾಗಿ ತಿಳಿದು ಎಸೆಯುತ್ತಿದ್ದಳು. ನೀ ಕಟ್ಕೊಂಡ ಇರು ಎಂದದ್ದು ಏಕೆಂದು ದಾಕ್ಷಾಯಿಣಿಗೆ ಈಗ ಅರ್ಥವಾಯಿತು. ಅದನ್ನು ಅನ್ನುವಾಗ ಅಕ್ಕನ ದನಿ ಎಷ್ಟು ಮೆತ್ತಗಿತ್ತು ಎಂಬುದೇ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಪಟ್ಟಿಯ ಮೇಲೆ ಬೆರಳಿಟ್ಟಳು. ಈಗ ಕಿತ್ತರೆ ಆಚೆ ಏನಾಗುತ್ತದೆಂದು ನೆನಪಾಗಿ ಬೆರಳು ತೆಗೆದಳು. ಅಕ್ಕನ ಲಯ ಅವಳಿಗೆ ಬಾಯಿಪಾಠವಿತ್ತು. ಪ್ರತಿ ಎಸೆತದ ನಡುವೆ ಅಕ್ಕ ದಿಬ್ಬದ ಮಣ್ಣನ್ನು ಕಾಲಿನಿಂದ ಕೆದರುತ್ತಾಳೆ, ಗಾಳಿ ನೋಡುತ್ತಾಳೆ, ಉಸಿರೆಳೆದುಕೊಳ್ಳುತ್ತಾಳೆ. ದಾಕ್ಷಾಯಿಣಿ ಆ ಸಂದುಗಳಲ್ಲಿ ಎಸೆದಳು. ನೋವು ಬರುವಾಗ ಅಲ್ಲಾಡದೆ ನಿಂತು ಉತ್ತರ ಕೊಟ್ಟಳು. ಎಸೆತಗಳು ಚೆದುರಿದವು. ಒಬ್ಬಳು ದೂರ ಹೊಡೆದಳು, ಇನ್ನೊಬ್ಬಳಿಗೆ ಹೊಡೆಯದೆಯೇ ಮೊದಲ ಬೇಸನ್ನು ಬಿಟ್ಟುಕೊಡಬೇಕಾಯಿತು. ಹಿರಿಯರು ಮತ್ತೆ ಕುರ್ಚಿಗೆ ಒರಗಿದರು.

ಆಚೆ ಚಪ್ಪಾಳೆ ಎದ್ದು, ನೋವು ನಿಂತಿತು. ಎದುರು ತಂಡದ ಸರದಿ ಮುಗಿದು ಮಂಗಲಕ್ಕ ಕೂತಿದ್ದಳು. ದಾಕ್ಷಾಯಿಣಿ ತನ್ನ ಸರದಿಯನ್ನು ಹೇಗೋ ಮುಗಿಸಿ, ದಿಬ್ಬದಿಂದ ಇಳಿದು ಬಂದು, ಪಟ್ಟಿ ಬಿಚ್ಚಿ, ಡಾಕ್ಟರ್ ಮಡಿಲಿನಲ್ಲಿ ಇಟ್ಟಳು.

“ಅಕ್ಕಾರಿಗೆ ಹೇಳ್ರಿ. ನಾ ಬಿಚ್ಚೀನಿ ಅಂತ.”

ಡಾಕ್ಟರ್ ಫೋನು ತೆಗೆಯಲಿಲ್ಲ. ಸುತ್ತ ನೋಡಿ, ತನ್ನ ಸರದಿಗೆ ಕಾಯುತ್ತಿದ್ದ, ನಾಲ್ವರಲ್ಲಿ ಇನ್ನೊಬ್ಬಳಾದ ರೇಣವ್ವನನ್ನು ಹತ್ತಿರ ಕರೆದರು. ಅವಳಿಂದ ಅರ್ಧಂಬರ್ಧ ಉತ್ತರವಾದರೂ ಬಂದರೆ ಸಾಕು ಎಂಬ ಲೆಕ್ಕವಿರಬೇಕು. ಮಂಗಲಕ್ಕನ ಲಯ ನಿನಗೂ ಸಿಗಲಿ ಎಂದು ನಗುತ್ತ ಹೇಳಿದರು. ರೇಣವ್ವ ದೊಡ್ಡ ಗೌರವ ಸಿಕ್ಕವಳಂತೆ ತೋಳು ಚಾಚಿದಳು.

ಸುಮ್ಮನಿದ್ದರೆ ದಾಕ್ಷಾಯಿಣಿಗೆ ಇನ್ನೊಂದು ಸರದಿ ಇತ್ತು. ನೋವಿಲ್ಲದ ಸರದಿ. ಅವಳು ರೇಣವ್ವನ ಚಾಚಿದ ತೋಳನ್ನು ನೋಡಿದಳು, ಉಳಿದಿಬ್ಬರನ್ನು ನೋಡಿದಳು. ಆಯ್ಕೆದಾರರಿಗೆ ಕೇಳುವಷ್ಟು ಗಟ್ಟಿಯಾಗಿ, ಯಾವ ಪಿಚರೂ ಯಾರನ್ನೂ ಕೇಳದ ಮಾತನ್ನು ಕೇಳಿದಳು.

“ನಿಮಗೂ ನೋಯ್ತದೇನು? ನಿಮ್ಮ ನಿಮ್ಮ ಅಕ್ಕಾರು ಆಡೋ ದಿನ?”

ರೇಣವ್ವ ಚಾಚಿದ ತೋಳನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಕೈಯಿಂದ ಮೊಣಕೈಯನ್ನು ಮುಚ್ಚಿಕೊಂಡಳು. ಅದೇ ಉತ್ತರವಾಗಿತ್ತು. ಅವಳ ಹಿಂದೆ ನಿಂತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಕೋಣೆಯಲ್ಲಿ, ಒಂದೇ ಹಾಡು ಹಾಡುತ್ತ, ನಾಲ್ವರೂ ನಾಲ್ಕು ಕಡೆ ಒಂಟಿಯಾಗಿ ನೊಂದಿದ್ದರು.

“ಅದು ನಿಮ್ಮದಲ್ಲ,” ದಾಕ್ಷಾಯಿಣಿ ಅಂದಳು. “ನಿಮ್ಮ ಕೈ ನೆಟ್ಟಗ ಅದಾವು.”

ಪಟ್ಟಿ ಡಾಕ್ಟರ್ ಕೈಯಲ್ಲಿಯೇ ಉಳಿಯಿತು. ಇದೊಂದು ಸರದಿ ಕಟ್ಟಿಕೋ, ಇಲ್ಲದಿದ್ದರೆ ಮಂಗಲೆಯ ಕೈ ಹೋಗುತ್ತದೆ ಎಂದು ತಗ್ಗಿದ ದನಿಯಲ್ಲಿ ಬೇಡಿಕೊಂಡರು. ದಾಕ್ಷಾಯಿಣಿ ಫೋನು ಮಾಡಿ ಎಂದಷ್ಟೇ ಹೇಳಿದಳು. ಆಚೆ ಫೋನು ಎತ್ತಿದವರು ಮುಲ್ಲಾ ಸರ್. ಡಾಕ್ಟರ್ ಏನನ್ನೋ ತೊದಲತೊಡಗಿದಾಗ ಅವಳೇ ಫೋನು ತೆಗೆದುಕೊಂಡು ಅಕ್ಕನಿಗೆ ಕೊಡಿ ಎಂದಳು.

“ಅಕ್ಕಾ, ಪಟ್ಟಿ ಬಿಚ್ಚೀನಿ. ಇಲ್ಲೆ ಯಾರೂ ಕಟ್ಕೊಳ್ಳೂದಿಲ್ಲ. ಎಸೀಬ್ಯಾಡ್ರಿ.”

ಆ ತುದಿಯಲ್ಲಿ ಜನರ ಗದ್ದಲ. ಅದರ ನಡುವೆ ಮಂಗಲಕ್ಕನ ಉಸಿರು. ತಪ್ಪಾತು ಎಂಬ ಮಾತು ಬಂದೀತೆಂದು ದಾಕ್ಷಾಯಿಣಿ ಕಾದಳು. ಅದೊಂದು ಬಂದಿದ್ದರೆ ತಾನು ಪಟ್ಟಿಯನ್ನು ಮತ್ತೆ ಕಟ್ಟಿಕೊಂಡುಬಿಡುತ್ತಿದ್ದೆನೋ ಏನೋ ಎಂದು ಅವಳಿಗೇ ಹೆದರಿಕೆಯಿತ್ತು.

“ಒಂದ ಸರದಿ, ದಾಕ್ಷಿ,” ಮಂಗಲಕ್ಕ ಅಂದಳು. “ನಿನಗ ಇನ್ನೂ ಬೇಕಾದಷ್ಟು ವರ್ಷ ಅದಾವ. ನನಗ ಇದೊಂದ ಐತಿ.”

“ಇಲ್ಲಕ್ಕಾ.”

“ಕಟ್ಕೋತಿ ನೀ. ನನಗ ಗೊತ್ತೈತಿ ನಿನ್ನ.”

ಫೋನು ನಿಂತಿತು. ದಾಕ್ಷಾಯಿಣಿ ಅದನ್ನು ಡಾಕ್ಟರ್ ಕೈಗೆ ಕೊಟ್ಟಳು. ಅವರು ಕುರ್ಚಿ ಬಿಟ್ಟೆದ್ದು, ಒಂದು ಕೈಯಲ್ಲಿ ಪಟ್ಟಿ ಹಿಡಿದು, ಮಂಗಲಕ್ಕನನ್ನು ತಡೆಯಲು ಗೋಡೆಯ ಗೇಟಿನತ್ತ ಓಡಿದರು. ಗೇಟು ದೂರವಿತ್ತು.

ಬಿಳಿ ಟೊಪ್ಪಿಗೆಯ ಹಿರಿಯರಿಗೆ ನಡೆದದ್ದರಲ್ಲಿ ಹೆಚ್ಚೇನೂ ತಿಳಿದಿರಲಿಲ್ಲ. ನಿನ್ನದು ಇನ್ನೊಂದು ಸರದಿ ಉಳಿದಿದೆ, ಎಸೆಯುತ್ತೀಯೋ ಇಲ್ಲವೋ ಎಂದು ಕೇಳಿದರು. ದಾಕ್ಷಾಯಿಣಿ ರೇಣವ್ವನತ್ತ ನೋಡಿದಳು. ರೇಣವ್ವ ಕೆಳಗೆ ಬಿದ್ದಿದ್ದ ಚೆಂಡನ್ನು ಎತ್ತಿ, ಅಂಗಿಗೆ ಒರೆಸಿ ಕೊಟ್ಟಳು.

ಅವಳು ದಿಬ್ಬ ಹತ್ತಿ ನಿಂತಾಗ ಗೋಡೆಯಾಚೆ ಜನ ಎದ್ದು ಕೂಗುತ್ತಿದ್ದರು. ಆ ಕೂಗು ಅಕ್ಕ ಮೈದಾನಕ್ಕೆ ಇಳಿದಾಗಿನದು. ಈಗ ದಿಬ್ಬ ಹತ್ತುತ್ತಾಳೆ. ಈಗ ಕಾಲಿನಿಂದ ಮಣ್ಣು ಕೆದರುತ್ತಾಳೆ. ಗುಡ್ಡದ ಕಡೆ ನೋಡಿ ಗಾಳಿ ಅಳೆಯುತ್ತಾಳೆ. ದಾಕ್ಷಾಯಿಣಿ ಚೆಂಡನ್ನು ಬೆರಳುಗಳ ನಡುವೆ ಕೂಡಿಸಿ ಕಾದಳು. ಈಗ ಉಸಿರೆಳೆದುಕೊಳ್ಳುತ್ತಾಳೆ. ಈಗ.

ಅವಳ ಮೊಣಕೈಯಲ್ಲಿ ಏನೂ ಆಗಲಿಲ್ಲ. ಗೋಡೆಯಾಚೆ ಅಷ್ಟೂ ಜನ ಒಟ್ಟಿಗೇ ಸುಮ್ಮನಾದರು. ದಾಕ್ಷಾಯಿಣಿ ಎಸೆದಳು.